ಮೊದಲ ಡಿಎಸ್‌ಎಲ್‌ಆರ್ ಕೊಳ್ಳುವವರಿಗೆ: ಲೆನ್ಸ್ ಮೊದಲು, ಬಾಡಿ ಆಮೇಲೆ

ಹೊಸದಾಗಿ ಕ್ಯಾಮೆರಾ ಕೊಂಡು ನನ್ನ ಹತ್ತಿರ ತಂದು ತೋರಿಸುವವರ ದೂರು ಹೆಚ್ಚುಕಡಿಮೆ ಒಂದೇ. "ಇಷ್ಟು ದುಡ್ಡು ಹಾಕಿದೆ, ಆದ್ರೂ ಫೋಟೋ ಫೋನಿನ ಹಾಗೇ ಬರ್ತಿದೆಯಲ್ಲ?" ಚೀಲ ಬಿಚ್ಚಿ ನೋಡಿದರೆ ಒಳಗಿರುವುದೂ ಒಂದೇ. ಒಳ್ಳೆಯ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ಅದರ ಜೊತೆ ಬಂದ ಕಿಟ್ ಲೆನ್ಸ್, ಯಾರೋ ಹೇಳಿದರು ಅಂತ ತಗೊಂಡ ಅಗ್ಗದ ಜೂಮ್. ಬಜೆಟ್ ಎಲ್ಲಾ ಬಾಡಿಗೇ ಹೋಗಿರುತ್ತದೆ. ಬೇಕಾಗಿದ್ದ ಲೆನ್ಸಿಗೆ ದುಡ್ಡು ಉಳಿದಿರುವುದಿಲ್ಲ.

ಹಾಗಾಗಿ ಇಲ್ಲಿ ಕ್ರಮವನ್ನೇ ತಿರುಗಿಸಿ ಬರೆದಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಹೋಗಬೇಡಿ. ಹೆಚ್ಚಿನ ಮಾತು ಸೆಕೆಂಡ್ ಹ್ಯಾಂಡ್ ಬಗ್ಗೆ ಇದೆ, ಅದಕ್ಕೆ ಕಾರಣವೂ ಇದೆ. ಕ್ಯಾನನ್ ಮತ್ತು ನಿಕಾನ್ ತಮ್ಮ ದೊಡ್ಡ ಡಿಎಸ್‌ಎಲ್‌ಆರ್‌ಗಳನ್ನು ಕೊನೆಯ ಸಲ ತಂದದ್ದು 2020ರಲ್ಲಿ. ಆಮೇಲೆ ಇಬ್ಬರ ಗಮನವೂ ಮಿರರ್‌ಲೆಸ್ ಕಡೆಗೆ, ಅಂದರೆ ಡಿಎಸ್‌ಎಲ್‌ಆರ್ ಒಳಗಿರುವ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಗಳ ಕಡೆಗೆ, ಹೋಯಿತು. ಹಳಬರು ಮಿರರ್‌ಲೆಸ್‌ಗೆ ಹೋಗುವಾಗ ಮಾರಿದ ಬಾಡಿ, ಲೆನ್ಸ್‌ಗಳು ಈಗ ಮಾರುಕಟ್ಟೆಯಲ್ಲಿ ಧಾರಾಳವಾಗಿವೆ. ಕೊಳ್ಳುವವರಿಗೆ ಇದು ಒಳ್ಳೆಯ ಕಾಲ. ನೋಡಿ ಕೊಳ್ಳಲು ಬರಬೇಕು ಅಷ್ಟೇ.

ಕೈಯಲ್ಲಿ ಇರಬೇಕಾದ್ದು

ಒಂದು ಚೀಟಿ, ಪೆನ್ನು. ನಿಮ್ಮದೇ ಮೆಮೊರಿ ಕಾರ್ಡ್. ಲ್ಯಾಪ್‌ಟಾಪ್ ಮತ್ತು ಕಾರ್ಡ್ ರೀಡರ್. ಟಾರ್ಚ್ ಇರುವ ಫೋನ್. ಒಂದು ಹಾಳೆ ದಿನಪತ್ರಿಕೆ, ಸ್ವಲ್ಪ ಟೇಪು. ದಿನಪತ್ರಿಕೆ ಯಾಕೆ ಅಂತ 7ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಏನು, ಎಷ್ಟು ದೂರ, ಎಷ್ಟು ಬೆಳಕು

ಚೀಟಿಯಲ್ಲಿ ಮೂರು ಕಾಲಂ ಹಾಕಿ. ಏನು ತೆಗೆಯುತ್ತೀರಿ, ಅದು ನಿಮ್ಮಿಂದ ಎಷ್ಟು ದೂರ ಇರುತ್ತದೆ, ಬೆಳಕು ಹೇಗಿರುತ್ತದೆ. ಕಳೆದ ಒಂದು ವರ್ಷದಲ್ಲಿ "ಅಯ್ಯೋ, ಒಳ್ಳೆ ಕ್ಯಾಮೆರಾ ಇರಬೇಕಿತ್ತು" ಅಂತ ನಿಜವಾಗಿ ಅನ್ನಿಸಿದ ಸಂದರ್ಭಗಳನ್ನು ಮಾತ್ರ ಬರೆಯಿರಿ. ಉದಾಹರಣೆಗೆ:

ಮಗಳ ಸ್ಕೂಲ್ ಡೇ, 10 ಮೀಟರ್, ಕಡಿಮೆ ಬೆಳಕು.
ಮನೆಯೊಳಗೆ ಮಗು, 2-3 ಮೀಟರ್, ಟ್ಯೂಬ್‌ಲೈಟ್.
ರಂಗನತಿಟ್ಟಿನ ಹಕ್ಕಿ, 20 ಮೀಟರ್, ಬೆಳಗಿನ ಬಿಸಿಲು.
ಹಂಪಿಯ ಮಾತಂಗ ಬೆಟ್ಟದ ಮೇಲಿಂದ ಸೂರ್ಯೋದಯ, ಕಣ್ಣಿಗೆ ಕಾಣುವಷ್ಟು ದೂರ.

ಐದಕ್ಕಿಂತ ಜಾಸ್ತಿ ಸಾಲು ಬೇಡ. ಬರೆದಾದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಒಂದಕ್ಕೆ ಗುರುತು ಹಾಕಿ. ಮೊದಲ ಲೆನ್ಸ್ ಅದಕ್ಕೇ.

ಇಲ್ಲಿ ಆಗುವ ತಪ್ಪು: "ಎಲ್ಲಾ ತೆಗೀಬೇಕು" ಅನ್ನುವುದು. ಹಾಗಂದವರಿಗೆ ಅಂಗಡಿಯವರು 18-55 ಮತ್ತು ಒಂದು 75-300 ಲೆನ್ಸ್ (ಈ ಅಂಕಿಗಳ ಅರ್ಥ 3ನೇ ಹಂತದಲ್ಲಿದೆ) ಸೇರಿಸಿ ಕೊಟ್ಟು ಕಳಿಸುತ್ತಾರೆ. ಅವರನ್ನು ಬೈಯುವಂತಿಲ್ಲ, ನೀವು ಕೇಳಿದ್ದನ್ನೇ ಕೊಟ್ಟಿದ್ದಾರೆ.

ಹಂತ 2: ಡಿಎಸ್‌ಎಲ್‌ಆರ್ ಬೇಕೇ ಬೇಕಾ?

ಹೆಚ್ಚಾಗಿ ವಿಡಿಯೋ, ರೀಲ್ಸ್ ಮಾಡುವವರಾದರೆ ಮಿರರ್‌ಲೆಸ್ ನೋಡಿ. ಡಿಎಸ್‌ಎಲ್‌ಆರ್‌ನಲ್ಲೇ ವಿಡಿಯೋ ಬೇಕೆಂದರೆ ಕ್ಯಾನನ್ 200ಡಿ, 70ಡಿ, 80ಡಿ ಪರವಾಗಿಲ್ಲ. ಅವುಗಳಲ್ಲಿ ಲೈವ್ ವ್ಯೂ (ಹಿಂದಿನ ಪರದೆ ನೋಡಿ ತೆಗೆಯುವುದು) ಫೋಕಸ್ ಚುರುಕಾಗಿದೆ, ಮೈಕ್ ಸಿಕ್ಕಿಸಲು ಜಾಗವೂ ಇದೆ. 1500ಡಿ ಮತ್ತು ನಿಕಾನ್ ಡಿ3500ನಲ್ಲಿ ಮೈಕ್ ಸಿಕ್ಕಿಸಲು ತೂತೇ ಇಲ್ಲ.

ಫೋಟೋ ಮುಖ್ಯ, ದುಡ್ಡು ಕಡಿಮೆ, ಬ್ಯಾಟರಿ ಇಡೀ ದಿನ ಬರಬೇಕು ಅನ್ನುವವರು ಮುಂದಿನ ಹಂತಕ್ಕೆ ಬನ್ನಿ.

ಹಂತ 3: ಎಷ್ಟು ಎಂಎಂ ಬೇಕು ಅಂತ ಲೆಕ್ಕ ಹಾಕಿ

ಲೆನ್ಸಿನ ಮೇಲೆ ಬರೆದಿರುವ ಎಂಎಂ ಅದರ ಫೋಕಲ್ ಲೆಂತ್. ಅಂಕಿ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಚೌಕಟ್ಟಿಗೆ ಬರುವ ಜಾಗ ಕಿರಿದಾಗುತ್ತದೆ. ಎಷ್ಟು ಬೇಕು ಅನ್ನುವುದು ಊಹೆಯ ಕೆಲಸವಲ್ಲ, ಪ್ರೈಮರಿ ಶಾಲೆಯ ಲೆಕ್ಕ. ಸಾಮಾನ್ಯ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ (ಒಳಗೆ ಚಿತ್ರ ಬೀಳುವ ಚಿಪ್) ನಿಕಾನ್‌ನಲ್ಲಿ ಸುಮಾರು 24 ಎಂಎಂ ಅಗಲ, ಕ್ಯಾನನ್‌ನಲ್ಲಿ ಸುಮಾರು 22 ಎಂಎಂ. ಚೌಕಟ್ಟಿನೊಳಗೆ ಎಷ್ಟು ಅಗಲದ ಜಾಗ ಹಿಡಿಯುತ್ತದೆ ಅಂತ ತಿಳಿಯಲು ದೂರವನ್ನು ಈ ಅಂಕಿಯಿಂದ ಗುಣಿಸಿ, ಲೆನ್ಸಿನ ಎಂಎಂನಿಂದ ಭಾಗಿಸಿ.

ಮನೆಯ ಕೋಣೆ ಹತ್ತಡಿ, ಅಂದರೆ 3 ಮೀಟರ್. ಕ್ಯಾನನ್‌ಗೆ 50 ಎಂಎಂ ಹಾಕಿದರೆ 3 × 22 ÷ 50, ಅಂದರೆ 1.3 ಮೀಟರ್ ಅಗಲ. ಮಗು ಒಂದೇ ಆದರೆ ಹಿಡಿಯುತ್ತದೆ. ಅಜ್ಜಿ, ತಾತ, ಮಗು ಮೂವರೂ ಬೇಕೆಂದರೆ ನೀವು ಗೋಡೆ ಒಡೆದು ಹಿಂದೆ ಹೋಗಬೇಕು. ಅದೇ ಜಾಗದಲ್ಲಿ 24 ಎಂಎಂ ಹಾಕಿದರೆ 2.75 ಮೀಟರ್. "50 ಎಂಎಂ ಎಲ್ಲರೂ ಒಳ್ಳೇದು ಅಂದ್ರು" ಅಂತ ಕೊಂಡು ಮೂಲೆಗೆ ಇಟ್ಟವರ ಸಮಸ್ಯೆ ಇದೇ. ಲೆನ್ಸ್ ಒಳ್ಳೆಯದೇ, ಕೋಣೆ ಚಿಕ್ಕದು.

ಇನ್ನು ಹಕ್ಕಿ. ರಂಗನತಿಟ್ಟಿನ ದೋಣಿಯಿಂದ ಬಣ್ಣದ ಕೊಕ್ಕರೆ 20 ಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ನಿಕಾನ್‌ಗೆ 300 ಎಂಎಂ ಹಾಕಿದರೆ 20 × 24 ÷ 300, ಅಂದರೆ 1.6 ಮೀಟರ್. ಕೊಕ್ಕರೆ ಹತ್ತಿರ ಹತ್ತಿರ 1 ಮೀಟರ್ ಎತ್ತರದ ಹಕ್ಕಿ, ಚೌಕಟ್ಟು ತುಂಬುತ್ತದೆ. ಅದೇ ದೂರದಲ್ಲಿ ಒಂದು ಗೇಣೂ ಇಲ್ಲದ ಮಿಂಚುಳ್ಳಿ ಕೂತರೆ? ಅಗಲದ ಹತ್ತರಲ್ಲಿ ಒಂದು ಪಾಲು. ಚುಕ್ಕೆ. ಚಿಕ್ಕ ಹಕ್ಕಿಯ ಹುಚ್ಚು ಇರುವವರಿಗೆ 300 ಸಾಲುವುದಿಲ್ಲ ಅಂತ ಈಗಲೇ ತಿಳಿದರೆ ಒಳ್ಳೆಯದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಿಟ್ ಲೆನ್ಸಿನ 18 ಎಂಎಂ ತುದಿಯಲ್ಲಿ ಕಾಣುವ ನೋಟ ಹೆಚ್ಚುಕಡಿಮೆ ಫೋನಿನ ಮುಖ್ಯ ಕ್ಯಾಮೆರಾದ ನೋಟವೇ. ಫೋಟೋ "ಫೋನಿನ ಹಾಗೇ" ಕಾಣಲು ಅರ್ಧ ಕಾರಣ ಅದು. ಉಳಿದ ಅರ್ಧ ಮುಂದಿದೆ.

ಹಂತ 4: ಬೆಳಕಿನ ಲೆಕ್ಕ

ಲೆನ್ಸಿನ ಮೇಲೆ ಎಂಎಂ ಪಕ್ಕದಲ್ಲಿ 1:3.5-5.6 ಅಥವಾ 1:1.8 ಅಂತ ಇರುತ್ತದೆ (1:1.8ನ್ನು ಎಫ್/1.8 ಅಂತಲೂ ಬರೆಯುತ್ತಾರೆ). ಅದು ಅಪರ್ಚರ್, ಲೆನ್ಸ್ ಎಷ್ಟು ದೊಡ್ಡದಾಗಿ ಕಣ್ಣು ಬಿಡಬಲ್ಲದು ಅನ್ನುವುದರ ಅಳತೆ. ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಎಷ್ಟು ಜಾಸ್ತಿ ಅಂತ ನನಗೆ ಅರ್ಥವಾದದ್ದು ಒಂದು ರಾತ್ರಿ ಯಕ್ಷಗಾನದ ಚೌಕಿ ಪಕ್ಕದಲ್ಲಿ.

ಗದ್ದೆಯಲ್ಲಿ ಆಟ. ರಂಗಸ್ಥಳದ ಮೇಲೆ ನಾಲ್ಕು ಲೈಟು. ನನ್ನ ಹತ್ತಿರ 18-55 ಕಿಟ್ ಲೆನ್ಸ್. 55ಕ್ಕೆ ಎಳೆದರೆ ಅಪರ್ಚರ್ 5.6ಕ್ಕಿಂತ ದೊಡ್ಡದಾಗುವುದಿಲ್ಲ. ಐಎಸ್‌ಓ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200ಕ್ಕೆ ಏರಿಸಿದರೂ ಶಟರ್ ತೆರೆದಿರುವ ಹೊತ್ತು ಸೆಕೆಂಡಿನ 30ನೇ ಒಂದು ಭಾಗ. ವೇಷಧಾರಿ ನಿಂತು ಅರ್ಥ ಹೇಳುವಾಗ ಪರವಾಗಿಲ್ಲ. ಧೀಂಗಿಣ (ಸುತ್ತಿ ಹಾರುವ ಕುಣಿತ) ಶುರುವಾದದ್ದೇ ತಡ, ಕಿರೀಟ, ಮುಖ, ಕೈ ಎಲ್ಲಾ ಕಲಸಿ ಕೆಂಪು ಹೊಗೆ. ನಲವತ್ತು ಫೋಟೋ, ಒಂದೂ ಉಳಿಯಲಿಲ್ಲ. ಪಕ್ಕದಲ್ಲಿದ್ದವರೊಬ್ಬರು ತಮ್ಮ 50 ಎಂಎಂ ಎಫ್/1.8 ಬಿಚ್ಚಿ ಕೊಟ್ಟರು. ಅದೇ ಐಎಸ್‌ಓ, ಅದೇ ಬೆಳಕು. ಶಟರ್ 250ಕ್ಕೆ, ಅಂದರೆ ಸೆಕೆಂಡಿನ 250ನೇ ಒಂದು ಭಾಗಕ್ಕೆ, ಹೋಯಿತು. ಗಾಳಿಯಲ್ಲಿ ನಿಂತ ಗೆಜ್ಜೆ ಕಾಲು ಸ್ಪಷ್ಟವಾಗಿ ಬಂತು.

5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 9ಕ್ಕಿಂತ ಜಾಸ್ತಿ. ಅಂದರೆ ಒಂಬತ್ತು ಪಟ್ಟಿಗಿಂತ ಹೆಚ್ಚು ಬೆಳಕು. ಈ ವ್ಯತ್ಯಾಸವನ್ನು ದುಬಾರಿ ಬಾಡಿ ಕೊಂಡು ತುಂಬಿಸುವುದು ಕಷ್ಟ.

ನಿಮ್ಮ ಚೀಟಿಯಲ್ಲಿ "ಕಡಿಮೆ ಬೆಳಕು" ಮತ್ತು "ಅಲುಗಾಡುವ ಮನುಷ್ಯರು" ಎರಡೂ ಇದ್ದರೆ 1.8 ಅಥವಾ ಕನಿಷ್ಠ 2.8 ಲೆನ್ಸ್ ಬೇಕು. ಇಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ. ಐಎಸ್ ಅಥವಾ ವಿಆರ್ ಇದ್ದರೆ ಸಾಕು ಅಂತ. ಅದು ನಿಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ, ಎದುರಿಗೆ ಕುಣಿಯುವವರನ್ನು ನಿಲ್ಲಿಸುವುದಿಲ್ಲ.

ಹಂತ 5: ಲೆನ್ಸಿನ ಹೆಸರು ಓದಲು ಕಲಿಯಿರಿ

ದುಡ್ಡು ಹೆಚ್ಚು ಹಾಳಾಗುವುದು ಇಲ್ಲಿ. ಜಾಹೀರಾತಿನಲ್ಲಿ ಎರಡು ಲೆನ್ಸಿನ ಹೆಸರು ಒಂದೇ ಥರ ಕಾಣುತ್ತದೆ, ಒಂದಕ್ಷರ ವ್ಯತ್ಯಾಸ. ಆ ಒಂದಕ್ಷರ ತಪ್ಪಿದರೆ ಲೆನ್ಸ್ ನಿಮ್ಮ ಬಾಡಿಯಲ್ಲಿ ಫೋಕಸ್ಸೇ ಆಗುವುದಿಲ್ಲ.

ನಿಕಾನ್‌ನವರಿಗೆ: ಡಿ3000 ಮತ್ತು ಡಿ5000 ಸಾಲಿನ ಬಾಡಿಗಳಲ್ಲಿ (ಡಿ3500, ಡಿ5600 ಎಲ್ಲಾ ಇದರಲ್ಲೇ ಬಂತು) ಫೋಕಸ್ ಮೋಟಾರ್ ಇಲ್ಲ. ಲೆನ್ಸಿನೊಳಗೇ ಮೋಟಾರ್ ಇರಬೇಕು. ನಿಕಾನ್ ಲೆನ್ಸ್ ಆದರೆ ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಇದೆಯಾ ನೋಡಿ. ಬರೀ ಎಎಫ್ ಅಂತ ಇದ್ದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. 50 ಎಂಎಂ ಎಫ್/1.8ಡಿ ಅಗ್ಗಕ್ಕೆ ಸಿಗುತ್ತದೆ ಅಂತ ನನ್ನ ಭಾವ ಡಿ3300ಗೆ ತಂದಿದ್ದ. ಲೆನ್ಸ್ ಚೆನ್ನಾಗಿತ್ತು, ಓಡಾಡುವ ಮಗುವಿನ ಮುಂದೆ ಪ್ರಯೋಜನಕ್ಕೆ ಬರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಎಎಫ್-ಎಸ್ 50 ಎಂಎಂ ಎಫ್/1.8ಜಿ. ಡಿ90, ಡಿ7000, ಡಿ7100, ಡಿ7200, ಡಿ7500 ಬಾಡಿಗಳಲ್ಲಿ ಮೋಟಾರ್ ಇದೆ, ಅಲ್ಲಿ ಹಳೆಯದೂ ನಡೆಯುತ್ತದೆ.

ಇದರ ಉಲ್ಟಾ ಕೂಡ ಇದೆ. ಹೊಸ ಎಎಫ್-ಪಿ ಲೆನ್ಸ್ ಹಳೆಯ ಡಿ90, ಡಿ3100, ಡಿ5100, ಡಿ7000 ಬಾಡಿಗಳಲ್ಲಿ ಫೋಕಸ್ ಆಗುವುದಿಲ್ಲ. ಹಳೆ ಬಾಡಿ, ಹೊಸ ಲೆನ್ಸ್ ಬೇರೆ ಬೇರೆ ಕಡೆಯಿಂದ ಕೊಳ್ಳುವವರು ಇಲ್ಲಿ ಎಡವುತ್ತಾರೆ.

ಕ್ಯಾನನ್‌ನವರಿಗೆ ಮೋಟಾರಿನ ತಲೆಬಿಸಿ ಇಲ್ಲ, ಇಎಫ್ ಲೆನ್ಸ್ ಎಲ್ಲದರಲ್ಲೂ ಒಳಗೇ ಇದೆ. ಇಎಫ್-ಎಸ್ ಲೆನ್ಸ್‌ಗಳು 1500ಡಿ, 200ಡಿ, 80ಡಿ ಥರದ ಬಾಡಿಗಳಿಗೆ ಮಾತ್ರ. 6ಡಿ, 5ಡಿ ಥರದ ಫುಲ್ ಫ್ರೇಮ್ (ಇನ್ನೂ ದೊಡ್ಡ ಸೆನ್ಸರಿನ) ಬಾಡಿಗೆ ಕೂರುವುದಿಲ್ಲ. ಇಎಫ್ ಎರಡಕ್ಕೂ ಕೂರುತ್ತದೆ.

ಇಬ್ಬರಿಗೂ: ಉದ್ದದ ಜೂಮ್ ಕೊಳ್ಳುವಾಗ ಕ್ಯಾನನ್‌ನಲ್ಲಿ ಐಎಸ್, ನಿಕಾನ್‌ನಲ್ಲಿ ವಿಆರ್ ಇದೆಯಾ ನೋಡಿ. ಕ್ಯಾನನ್ 75-300ನಲ್ಲಿ ಐಎಸ್ ಇಲ್ಲದ್ದೇ ಹೆಚ್ಚು ಓಡಾಡುತ್ತದೆ. 300 ಎಂಎಂನಲ್ಲಿ ಕೈಯಲ್ಲಿ ಹಿಡಿದು ತೆಗೆಯಲು ಶಟರ್ 500ರ ಆಸುಪಾಸು ಇರಬೇಕು. ಮೋಡ ಕವಿದರೆ ಅಷ್ಟು ಸಿಗುವುದಿಲ್ಲ. ಅದರ ಬದಲು 55-250 ಐಎಸ್ ಎಸ್‌ಟಿಎಂ ತಗೊಳ್ಳಿ. 50 ಎಂಎಂ ಕಡಿಮೆ, ಆದರೆ ಚೊಕ್ಕವಾದ ಫೋಟೋ.

ಹಂತ 6: ಲೆನ್ಸ್ ಆರಿಸಿ, ಉಳಿದ ದುಡ್ಡಿಗೆ ಬಾಡಿ

ಈಗ ಚೀಟಿಯಲ್ಲಿ ಗುರುತು ಹಾಕಿದ ಸಾಲಿಗೆ ವಾಪಸ್ ಬನ್ನಿ.

ಮನೆ, ಮಕ್ಕಳು, ಹಬ್ಬ: ನಿಕಾನ್‌ಗೆ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ, ಕ್ಯಾನನ್‌ಗೆ 24 ಎಂಎಂ ಎಫ್/2.8 ಎಸ್‌ಟಿಎಂ. ಒಬ್ಬರ ಮುಖ, ವೇದಿಕೆಯ ಹತ್ತಿರದಿಂದ ಯಕ್ಷಗಾನ, ನಾಟಕ: 50 ಎಂಎಂ ಎಫ್/1.8. ಬೆಟ್ಟ, ದೇವಸ್ಥಾನ, ಪ್ರವಾಸ: 18-55 ಸಾಕು, ನಿಜವಾಗಿ ಸಾಕು. ಹಗಲಲ್ಲಿ ಎಫ್/8ಕ್ಕೆ ಇಟ್ಟು ತೆಗೆದರೆ ಅದು ಯಾರಿಗೂ ಕಡಿಮೆಯಿಲ್ಲ. ಹಕ್ಕಿ, ಪ್ರಾಣಿ: ಶುರುವಿಗೆ 55-250 ಐಎಸ್ ಎಸ್‌ಟಿಎಂ ಅಥವಾ ಎಎಫ್-ಪಿ 70-300 ವಿಆರ್. ಸಿಗ್ಮಾ, ಟ್ಯಾಮ್ರಾನ್‌ನ 150-600 ಮೊದಲ ಲೆನ್ಸ್ ಆಗುವುದು ಬೇಡ. ಎರಡು ಕೆಜಿ ಆಸುಪಾಸಿನ ತೂಕ. ಮೊದಲ ದಿನದ ಉತ್ಸಾಹಕ್ಕೆ ಅದು ಗೊತ್ತಾಗುವುದಿಲ್ಲ, ಮೂರನೇ ಸಲ ಮನೆಯಲ್ಲೇ ಬಿಟ್ಟು ಹೋಗುತ್ತೀರಿ.

ಸಾಧ್ಯವಾದರೆ ಕೊಳ್ಳುವ ಮುಂಚೆ ಒಂದು ದಿನ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರು ಇದ್ದಾರೆ. ಗುರುತಿನ ಚೀಟಿ, ಸ್ವಲ್ಪ ಡೆಪಾಸಿಟ್ ಕೇಳುತ್ತಾರೆ. ಒಂದು ಭಾನುವಾರದಲ್ಲಿ ತೀರ್ಮಾನ ಆಗಿಬಿಡುತ್ತದೆ.

ದುಡ್ಡು ಹಂಚುವಾಗ ನನ್ನ ಲೆಕ್ಕ ಇದು. ಕೈಯಲ್ಲಿ 40 ಸಾವಿರ ಇದ್ದರೆ 18 ಸಾವಿರದವರೆಗೆ ಲೆನ್ಸ್, 16 ಸಾವಿರ ಬಾಡಿ, ಉಳಿದ 6 ಸಾವಿರ ಕಾರ್ಡು, ಇನ್ನೊಂದು ಬ್ಯಾಟರಿ, ಚೀಲ, ಸರ್ವಿಸ್ ಖರ್ಚಿಗೆ. ಆ ಕೊನೆಯ 6 ಸಾವಿರವನ್ನು ಮುಟ್ಟಬೇಡಿ. ಸೆಕೆಂಡ್ ಹ್ಯಾಂಡ್ ಅಂದ ಮೇಲೆ ಏನಾದರೂ ಒಂದು ಇದ್ದೇ ಇರುತ್ತದೆ.

ಬಾಡಿಯಲ್ಲಿ ಮೆಗಾಪಿಕ್ಸೆಲ್ ಹಿಂದೆ ಓಡಬೇಡಿ. 18 ಮೆಗಾಪಿಕ್ಸೆಲ್ ಕ್ಯಾನನ್ ಚಿತ್ರದ ಉದ್ದ 5184 ಪಿಕ್ಸೆಲ್. ಸ್ಟುಡಿಯೋದಲ್ಲಿ 12×18 ಪ್ರಿಂಟ್ ಹಾಕಿಸಿದರೂ ಇಂಚಿಗೆ 288 ಪಿಕ್ಸೆಲ್ ಬರುತ್ತದೆ, ಧಾರಾಳ ಸಾಕು. ನೋಡಬೇಕಾದ್ದು ಬೇರೆ. ಕ್ಯಾನನ್ 3000ಡಿಯಲ್ಲಿ ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್. 3000ಡಿ, 1500ಡಿ, 200ಡಿ ಮಾರ್ಕ್ 2 ಮೂರರಲ್ಲೂ ಫ್ಲ್ಯಾಶ್ ಕೂರುವ ಜಾಗದ ನಡುವಿನ ಪಿನ್ ಇಲ್ಲ. ಬೇರೆ ಕಂಪನಿಯ ಸಾದಾ ಫ್ಲ್ಯಾಶ್ ಅಲ್ಲಿ ಹೊತ್ತಿಕೊಳ್ಳುವುದಿಲ್ಲ. ಮುಂದೆ ಸ್ಟುಡಿಯೋ ಲೈಟ್ ಹಾಕುವ ಆಸೆ ಇದ್ದರೆ 200ಡಿ, 700ಡಿ, 70ಡಿ ಕಡೆ ನೋಡಿ. ಫುಲ್ ಫ್ರೇಮ್ ಆಸೆಯನ್ನು ಸದ್ಯಕ್ಕೆ ಕಟ್ಟಿಡಿ. ಆ ಬಾಡಿಗೆ ತಕ್ಕ ಲೆನ್ಸ್ ಬೆಲೆ ಕೇಳಿದ ಮೇಲೆ ಆಸೆ ತಾನಾಗಿ ಇಳಿಯುತ್ತದೆ.

ಹಂತ 7: ಬಾಡಿಯನ್ನು ಪರೀಕ್ಷೆ ಮಾಡುವ ಕ್ರಮ

ಹಗಲಲ್ಲಿ ಹೋಗಿ. ಅರ್ಧ ಗಂಟೆ ಬೇಕು ಅಂತ ಮೊದಲೇ ಹೇಳಿ. "ಅಷ್ಟೊತ್ತು ಯಾಕೆ ಸಾರ್?" ಅನ್ನುವವರ ಹತ್ತಿರ ವ್ಯಾಪಾರ ಬೇಡ.

ಮೊದಲು ಹೊರಗೆ ನೋಡಿ. ಅಡಿಭಾಗದ ಸ್ಕ್ರೂ ತಲೆಗಳು ಸವೆದು ಗೀಚಿದ್ದರೆ ಯಾರೋ ಬಿಚ್ಚಿದ್ದಾರೆ. ಫ್ಲ್ಯಾಶ್ ಕೂರುವ ಜಾಗದ ಬಣ್ಣ ಪೂರ್ತಿ ಹೋಗಿದ್ದರೆ ಮದುವೆಗಳಲ್ಲಿ ದುಡಿದ ಕ್ಯಾಮೆರಾ. ದುಡಿದದ್ದು ತಪ್ಪಲ್ಲ, ಬೆಲೆ ಅದಕ್ಕೆ ತಕ್ಕ ಹಾಗಿರಬೇಕು.

ನಿಮ್ಮ ಕಾರ್ಡ್ ಹಾಕಿ, ಎಲ್ಲಾ ಬಟನ್, ಡಯಲ್, ಫ್ಲ್ಯಾಶ್ ಒಂದು ಸುತ್ತು ಒತ್ತಿ. ಕ್ಯಾನನ್‌ನಲ್ಲಿ ಎರರ್ 01 ಬಂದರೆ ಲೆನ್ಸಿಗೂ ಬಾಡಿಗೂ ಮಾತುಕತೆ ಕಡಿದಿದೆ. ಲೆನ್ಸಿನ ಹಿಂಭಾಗದ ಚಿನ್ನದ ಬಣ್ಣದ ಚುಕ್ಕೆಗಳನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ನೋಡಿ. ಆಮೇಲೂ ಬಂದರೆ ಬೇರೆ ಲೆನ್ಸ್ ಹಾಕಿ. ಯಾವ ಲೆನ್ಸ್ ಹಾಕಿದರೂ ಬಂದರೆ ಎದ್ದು ಬನ್ನಿ.

ಸೆನ್ಸರ್ ನೋಡಲು ಅಪರ್ಚರ್ 16ಕ್ಕೆ ಇಟ್ಟು ಆಕಾಶ ಅಥವಾ ಬಿಳಿ ಗೋಡೆಯ ಫೋಟೋ ತೆಗೆಯಿರಿ. ಫೋಕಸ್ ಕೈಯಲ್ಲಿ ತಪ್ಪಿಸಿ. ಮಸುಕಾದ ಚುಕ್ಕೆ ಕಂಡರೆ ಧೂಳು, ಸರ್ವಿಸ್‌ನವರು ತೆಗೆಯುತ್ತಾರೆ. ಗೆರೆ ಅಥವಾ ಗೀರು ಕಂಡರೆ ಬೇಡ. ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಒಳಗೆ ಕಾಣುವ ಧೂಳಿಗೆ ಗಾಬರಿ ಬೇಡ, ಅದು ಫೋಟೋಗೆ ಬರುವುದಿಲ್ಲ. ಸೆನ್ಸರ್‌ಗೆ ನೀವು ಬೆರಳು, ಬಟ್ಟೆ, ಬಾಯಿಗಾಳಿ ಏನೂ ತಾಗಿಸಬೇಡಿ.

ಶಟರನ್ನು 4000ಕ್ಕೆ ಇಟ್ಟು ಹೊರಗಿನ ಬಿಸಿಲಲ್ಲಿ ಹತ್ತು ಫೋಟೋ ತೆಗೆಯಿರಿ. ಯಾವುದಾದರೂ ಒಂದರಲ್ಲಿ ಒಂದು ಬದಿಗೆ ಕಪ್ಪು ಪಟ್ಟಿ ಬಂದರೆ ಶಟರ್ ಪರದೆ ಸುಸ್ತಾಗಿದೆ. ಬಾಡಿಯ ಅರ್ಧ ಬೆಲೆಯ ಕೆಲಸ ಅದು.

ಶಟರ್ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ನಿಕಾನ್‌ನಲ್ಲಿ ಫೋಟೋದ ಎಕ್ಸಿಫ್ ಮಾಹಿತಿಯಲ್ಲೇ (ಕ್ಯಾಮೆರಾ ಫೋಟೋ ಫೈಲಿನೊಳಗೆ ಬರೆದಿಡುವ ವಿವರ) ಇರುತ್ತದೆ. ಫೋಟೋ ಕಾರ್ಡಿನಿಂದ ನೇರ ಲ್ಯಾಪ್‌ಟಾಪ್‌ಗೆ ಬರಬೇಕು, ವಾಟ್ಸಾಪ್‌ನಲ್ಲಿ ಬಂದ ಫೋಟೋದಲ್ಲಿ ಆ ಮಾಹಿತಿ ಉಳಿಯುವುದಿಲ್ಲ. ಕ್ಯಾನನ್‌ನ ಹೆಚ್ಚಿನ ಬಾಡಿಗಳು ಅದನ್ನು ಫೋಟೋದಲ್ಲಿ ಬರೆಯುವುದಿಲ್ಲ, ಕೇಬಲ್ ಹಾಕಿ ಸಾಫ್ಟ್‌ವೇರಿನಲ್ಲಿ ನೋಡಬೇಕು. ಮಾರುವವರು ಫೈಲ್ ನಂಬರ್ ತೋರಿಸಿ "ಬರೀ ಎರಡು ಸಾವಿರ ಕ್ಲಿಕ್ ಆಗಿದೆ" ಅಂದರೆ ನಂಬಬೇಡಿ. ಆ ನಂಬರ್ 9999 ಆದ ಮೇಲೆ ಮತ್ತೆ 1ರಿಂದ ಶುರುವಾಗುತ್ತದೆ. ಶುರುವಿನ ಮಟ್ಟದ ಬಾಡಿಗಳ ಶಟರ್ ಸುಮಾರು 1 ಲಕ್ಷ ಸಲಕ್ಕೆ ಅಂತ ಲೆಕ್ಕ. 30-40 ಸಾವಿರ ಆಗಿದ್ದರೆ ಧೈರ್ಯವಾಗಿ ಕೊಳ್ಳಬಹುದು.

ಕೊನೆಗೆ ದಿನಪತ್ರಿಕೆ. ಗೋಡೆಗೆ ಟೇಪ್ ಹಾಕಿ ಅಂಟಿಸಿ. ಎರಡು ಮೀಟರ್ ದೂರದಿಂದ ಅಪರ್ಚರ್ ಪೂರ್ತಿ ತೆರೆದು ವ್ಯೂಫೈಂಡರಿನಲ್ಲಿ ಐದು ಫೋಟೋ, ಲೈವ್ ವ್ಯೂನಲ್ಲಿ ಐದು ಫೋಟೋ ತೆಗೆಯಿರಿ. ಲ್ಯಾಪ್‌ಟಾಪ್‌ನಲ್ಲಿ ದೊಡ್ಡದು ಮಾಡಿ ಅಕ್ಷರ ಓದಿ. ಲೈವ್ ವ್ಯೂನಲ್ಲಿ ಚೂಪಾಗಿದ್ದು ವ್ಯೂಫೈಂಡರಿನಲ್ಲಿ ತೆಗೆದ ಐದೂ ಮಸುಕಾಗಿದ್ದರೆ ಫೋಕಸ್ ಹಿಂದೆ ಅಥವಾ ಮುಂದೆ ಬೀಳುತ್ತಿದೆ. ಡಿ7200, 70ಡಿ ಥರದ ಬಾಡಿಯಲ್ಲಿ ಇದನ್ನು ಮೆನುವಿನಲ್ಲೇ ಸರಿಮಾಡಬಹುದು. ಡಿ3500, 1500ಡಿ, 200ಡಿಯಲ್ಲಿ ಆ ಸೌಲಭ್ಯ ಇಲ್ಲ. ಎಫ್/1.8 ಲೆನ್ಸ್ ಕೊಳ್ಳುವವರು ಈ ಪರೀಕ್ಷೆ ಬಿಡಲೇಬಾರದು.

ಹಂತ 8: ಲೆನ್ಸನ್ನು ಪರೀಕ್ಷೆ ಮಾಡುವ ಕ್ರಮ

ಒಮ್ಮೆ ಸಂಜೆ ಏಳರ ಹೊತ್ತಿಗೆ, ಬಸ್ ಸ್ಟ್ಯಾಂಡಿನ ಹೊರಗೆ, ಚಹಾ ಅಂಗಡಿಯ ಬೆಳಕಿನಲ್ಲಿ ಒಂದು ಜೂಮ್ ಲೆನ್ಸ್ ಕೊಂಡೆ. ಗಾಜು ಫಳಫಳ ಅನ್ನುತ್ತಿತ್ತು. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ. ಒಳಗಿನ ಗಾಜಿನ ಅಂಚಿನಿಂದ ನಡುವಿಗೆ ತೆಳ್ಳಗಿನ ಬಿಳಿ ಎಳೆಗಳು ಕವಲೊಡೆದು ಹರಡಿದ್ದವು. ಮಳೆಗಾಲದಲ್ಲಿ ಚಪ್ಪಲಿ ಮೇಲೆ ಬರುವ ಬೂಷ್ಟಿನ ಹಾಗೆ, ಆದರೆ ಜೇಡರ ಬಲೆಯಷ್ಟು ನಯ. ಮಾರಿದವರ ಫೋನ್ ಆ ರಾತ್ರಿಯಿಂದಲೇ ಸ್ವಿಚ್ ಆಫ್. ಟಾರ್ಚ್ ಜೇಬಿನಲ್ಲೇ ಇತ್ತು, ಹಾಕಿ ನೋಡಲು ನನಗೇ ಸಂಕೋಚ ಆಗಿತ್ತು.

ಆದ್ದರಿಂದ ಸಂಕೋಚ ಬಿಡಿ. ಎರಡೂ ಮುಚ್ಚಳ ತೆಗೆದು, ಫೋನಿನ ಟಾರ್ಚನ್ನು ಹಿಂದಿನಿಂದ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ನಂತರ ತಿರುಗಿಸಿ ನೋಡಿ. ಅಲ್ಲೊಂದು ಇಲ್ಲೊಂದು ಧೂಳಿನ ಕಣ ಇದ್ದೇ ಇರುತ್ತದೆ, ಫೋಟೋಗೆ ತೊಂದರೆ ಇಲ್ಲ. ಎಳೆ ಎಳೆಯಾಗಿ ಕಂಡರೆ ಫಂಗಸ್. ಇಡೀ ಗಾಜಿಗೆ ಹಾಲು ಬಳಿದ ಹಾಗೆ ಮಂಜು ಕಂಡರೆ ಅದೂ ಬೇಡ. ಮಂಗಳೂರು, ಉಡುಪಿ, ಕಾರವಾರ, ಮಲೆನಾಡಿನ ಕಡೆಯಿಂದ ಬರುವ ಲೆನ್ಸ್ ಆದರೆ ಇನ್ನೂ ಹುಷಾರು. ಆ ಹವೆಯ ತಪ್ಪು ಅದು, ಮಾರುವವರದ್ದೇ ಆಗಬೇಕೆಂದಿಲ್ಲ.

ಅಪರ್ಚರ್ ಎಲೆಗಳನ್ನೂ ನೋಡಿ. ನಿಕಾನ್ ಜಿ ಲೆನ್ಸಿನ ಹಿಂಭಾಗದಲ್ಲಿ ಚಿಕ್ಕ ಲಿವರ್ ಇರುತ್ತದೆ. ಮೆಲ್ಲಗೆ ತಳ್ಳಿ ಬಿಡಿ, ಎಲೆಗಳು ಟಕ್ಕನೆ ಮುಚ್ಚಿಕೊಳ್ಳಬೇಕು. ಸೋಮಾರಿಯಾಗಿ ಮುಚ್ಚಿದರೆ ಎಣ್ಣೆ ಇಳಿದಿದೆ. ಕ್ಯಾನನ್‌ನಲ್ಲಿ ಲಿವರ್ ಇಲ್ಲ. ಕ್ಯಾಮೆರಾಗೆ ಹಾಕಿ, ಶಟರ್ 2 ಸೆಕೆಂಡ್, ಅಪರ್ಚರ್ 16ಕ್ಕೆ ಇಟ್ಟು ಕ್ಲಿಕ್ ಮಾಡಿ, ಆ ಎರಡು ಸೆಕೆಂಡ್ ಲೆನ್ಸಿನ ಮುಂದಿನಿಂದ ನೋಡಿ. ಎಲೆಗಳು ಸಮನಾಗಿ ಕಿರಿದಾಗಿರಬೇಕು.

ಜೂಮ್ ಆದರೆ ಈ ತುದಿಯಿಂದ ಆ ತುದಿಗೆ ತಿರುಗಿಸಿ. ನಡುವೆ ಎಲ್ಲಾದರೂ ಸಿಕ್ಕಿಕೊಂಡ ಹಾಗೆ, ಮರಳು ಅರೆದ ಹಾಗೆ ಅನ್ನಿಸಿದರೆ ಬಿದ್ದದ್ದು, ಇಲ್ಲವೇ ಬೀಚಿಗೆ ಹೋಗಿ ಬಂದದ್ದು. ಮುಂದಿನ ಫಿಲ್ಟರ್ ಬಳೆ ತಗ್ಗಾಗಿದ್ದರೂ ಬಿದ್ದ ಗುರುತೇ. ಐಎಸ್ ಅಥವಾ ವಿಆರ್ ಹಾಕಿ, ತೆಗೆದು, ಶಟರ್ 15ರಲ್ಲಿ ನಾಲ್ಕು ನಾಲ್ಕು ಫೋಟೋ ತೆಗೆದು ವ್ಯತ್ಯಾಸ ಇದೆಯಾ ನೋಡಿ.

ಹಂತ 9: ದುಡ್ಡು ಕೊಡುವ ಮುಂಚೆ

ಬೆಲೆ ತಿಳಿಯಲು ಅದೇ ಮಾಡೆಲ್‌ನ ಹತ್ತು ಜಾಹೀರಾತು ನೋಡಿ, ನಡುವಿನದ್ದು ಹಿಡಿಯಿರಿ. ಎಲ್ಲಕ್ಕಿಂತ ತೀರಾ ಕಡಿಮೆ ಹೇಳಿ "ಮುಂಗಡ ಕಳಿಸಿ, ಕೊರಿಯರ್ ಮಾಡ್ತೀನಿ" ಅನ್ನುವವರಿಗೆ ಉತ್ತರವನ್ನೇ ಕೊಡಬೇಡಿ. ಕೈಯಲ್ಲಿ ಹಿಡಿದು ನೋಡದೆ ಒಂದು ರೂಪಾಯಿಯೂ ಹೋಗಬಾರದು.

ಬಿಲ್ ಕೇಳಿ. ಬಾಡಿಯ ಅಡಿಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಇರುವುದಕ್ಕೆ ಸರಿಯಾಗಿದೆಯಾ ನೋಡಿ. ಬಿಲ್ ಕಳೆದಿದೆ ಅಂದರೆ ಮಾರುವವರ ಗುರುತಿನ ಚೀಟಿಯ ಪ್ರತಿಯ ಜೊತೆ, ಸೀರಿಯಲ್ ನಂಬರ್ ಬರೆದು ಸಹಿ ಮಾಡಿದ ಒಂದು ಚೀಟಿ ತಗೊಳ್ಳಿ. ಅದಕ್ಕೂ ಒಪ್ಪದಿದ್ದರೆ ಕದ್ದ ಮಾಲು ಇರಬಹುದು, ನಿಮ್ಮ ತಲೆಗೆ ಬೇಡ. ಹೊಸದನ್ನೇ ಕೊಳ್ಳುವವರೂ ಅಂಗಡಿಯಲ್ಲಿ ಇಂಡಿಯಾ ವಾರಂಟಿ ಕಾರ್ಡ್ ಇದೆಯಾ ಕೇಳಿ. "ಇಂಟರ್‌ನ್ಯಾಷನಲ್ ವಾರಂಟಿ", "ಅಂಗಡಿ ವಾರಂಟಿ" ಅಂದರೆ ಬೇರೆ ದಾರಿಯಲ್ಲಿ ಬಂದ ಮಾಲು. ಕೆಟ್ಟಾಗ ಕಂಪನಿಯ ಸರ್ವಿಸ್‌ನವರು ಅದನ್ನು ಪುಕ್ಕಟೆ ರಿಪೇರಿ ಮಾಡುವ ಭರವಸೆ ಇಲ್ಲ.

ಹಂತ 10: ಇಡುವುದು ಎಲ್ಲಿ

ಬಟ್ಟೆಯ ಬೀರುವಿನಲ್ಲಿ ಬೇಡ. ಅಲ್ಲಿ ಹಾಕುವ ನುಸಿಗುಳಿಗೆ, ಕರ್ಪೂರ ಎರಡೂ ಕ್ಯಾಮೆರಾಗೆ ಆಗದು. ಚರ್ಮದ ಚೀಲದಲ್ಲೂ ಬೇಡ, ತೇವ ಹಿಡಿಯುತ್ತದೆ. ಅಕ್ಕಿ ಡಬ್ಬದಲ್ಲಿ ಇಡುವ ಸಲಹೆ ಎಲ್ಲೋ ಕೇಳಿರುತ್ತೀರಿ, ಅಕ್ಕಿಯ ಪುಡಿ ಲೆನ್ಸಿನೊಳಗೆ ಹೋಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್ ಪೊಟ್ಟಣ, ತೇವಾಂಶ ತೋರಿಸುವ ಚಿಕ್ಕ ಮೀಟರ್, ಇಷ್ಟು ಸಾಕು. ಮುಳ್ಳು 40ರಿಂದ 50ರ ನಡುವೆ ಇರಲಿ. ವಾರಕ್ಕೊಮ್ಮೆಯಾದರೂ ಹೊರಗೆ ತೆಗೆದು ಬೆಳಕು ಕಾಣಿಸಿ.

ಹಂತ 11: ಎರಡನೇ ಲೆನ್ಸ್ ಯಾವಾಗ

ಮೂರು ತಿಂಗಳು ಒಂದೇ ಲೆನ್ಸ್. ಆಮೇಲೆ ಎಲ್ಲಾ ಫೋಟೋಗಳನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಇಟ್ಟುಕೊಳ್ಳಬೇಕು ಅನ್ನಿಸಿದ್ದನ್ನು ಮಾತ್ರ ಬೇರೆ ಮಾಡಿ. ಪ್ರತಿ ಫೋಟೋದ ಮಾಹಿತಿಯಲ್ಲಿ ಎಷ್ಟು ಎಂಎಂ ಅಂತ ಇರುತ್ತದೆ. ನಿಮ್ಮದು 18-55 ಆಗಿದ್ದು, ಹೆಚ್ಚಿನವು 55ರಲ್ಲಿ ಬಂದು ನಿಂತಿದ್ದರೆ ನಿಮಗೆ ಇನ್ನೂ ಉದ್ದದ್ದು ಬೇಕು. 18ರಲ್ಲಿ ಗುಡ್ಡೆ ಬಿದ್ದಿದ್ದರೆ ಇನ್ನೂ ಅಗಲದ್ದು. ನಡುವೆ 35ರ ಹತ್ತಿರ ಇದ್ದು, ಹೆಚ್ಚಿನವು ಐಎಸ್‌ಓ 3200 ದಾಟಿದ್ದರೆ 35 ಎಂಎಂ ಎಫ್/1.8 ಥರದ್ದು.

ನಾನು ಲೆಕ್ಕ ಹಾಕುವ ಮುಂಚೆ 55-250 ಅಂತ ತೀರ್ಮಾನ ಮಾಡಿ ದುಡ್ಡು ಎತ್ತಿಟ್ಟಿದ್ದೆ. ಎಣಿಸಿದರೆ ಅರ್ಧಕ್ಕಿಂತ ಜಾಸ್ತಿ 18ರಲ್ಲೇ ಇದ್ದವು. ಅದೇ ದುಡ್ಡಲ್ಲಿ 10-18 ತಗೊಂಡೆ. 55-250 ಇವತ್ತಿಗೂ ಕೊಂಡಿಲ್ಲ.